ಏಳಿಂಚು ಮರ, ನಾಲ್ಕು ಮೊಳೆ, ಒಬ್ಬ ಅಪ್ಪ

ಪುಟ್ಟ ಮರದ ಕಾರುಗಳನ್ನು ಇಳಿಜಾರಿನ ಟ್ರ್ಯಾಕಿನಲ್ಲಿ ಓಡಿಸುವ ಪೈನ್‌ವುಡ್ ಡರ್ಬಿ ಎಂಬ ಪಂದ್ಯದ ಪೆಟ್ಟಿಗೆ ಬಿಚ್ಚಿದರೆ ಸಿಗುವುದು ಇಷ್ಟೇ: 7 ಇಂಚು ಉದ್ದ, 1¾ ಇಂಚು ಅಗಲ, 1¼ ಇಂಚು ದಪ್ಪದ ಒಂದು ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ. ಮಗು ಕಾರು ಮಾಡಬೇಕು, ದೊಡ್ಡವರು ನೆರವಾಗಬೇಕು ಎಂಬುದು ಅಮೆರಿಕದ ಕಬ್ ಸ್ಕೌಟ್‌ (ಸ್ಕೌಟ್ ಸಂಘದ ಚಿಕ್ಕ ಮಕ್ಕಳ ವಿಭಾಗ) ನಡೆಸುವವರ ಆಶಯ. ಅಪ್ಪ ಮಾಡುತ್ತಾನೆ, ಮಗು ಸ್ವಲ್ಪ ಹೊತ್ತು ಟಾರ್ಚ್ ಹಿಡಿಯುತ್ತದೆ, ಆಮೇಲೆ ಅದಕ್ಕೆ ನಿದ್ದೆ ಬರುತ್ತದೆ ಎಂಬುದು ವಾಸ್ತವ.

ಈ ಪೈನ್‌ವುಡ್ ಡರ್ಬಿ ಹುಟ್ಟಿದ್ದೂ ಒಬ್ಬ ಅಪ್ಪನ ಚಡಪಡಿಕೆಯಿಂದಲೇ. ಎಂಜಿನ್ ಇಲ್ಲದ ಗಾಡಿಯಲ್ಲಿ ಮಕ್ಕಳೇ ಕೂತು ಇಳಿಜಾರಿನಲ್ಲಿ ಓಡಿಸುವ ಸೋಪ್‌ಬಾಕ್ಸ್ ಡರ್ಬಿಗೆ ಸೇರಲು ಡಾನ್ ಮರ್ಫಿಯವರ ಹತ್ತು ವರ್ಷದ ಮಗನಿಗೆ ವಯಸ್ಸು ಸಾಲದಾಯಿತು. ಮಗ ಗಾಡಿಯಲ್ಲಿ ಕೂರುವಂತಿಲ್ಲದಿದ್ದರೆ ಮಗನ ಅಂಗೈಯಲ್ಲಿ ಕೂರುವ ಗಾಡಿ ಮಾಡೋಣ ಎಂದು ಅವರು ಹೊರಟರು. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಈಗ ಅಮೆರಿಕದ ಎಡಿಸನ್, ಪ್ಲೇನೋ, ಫ್ರೀಮಾಂಟ್ ಊರುಗಳಲ್ಲಿರುವ ನಮ್ಮವರ ಗ್ಯಾರೇಜುಗಳಲ್ಲೂ ಚಳಿಗಾಲ ಬಂತೆಂದರೆ ಮರದ ಪುಡಿ ಹಾರುತ್ತದೆ. ಕೋಡ್ ಬರೆದು ಜೀವನ ಮಾಡುವ, ಊರಲ್ಲಿ ಗೋಡೆಗೆ ಒಂದು ಕ್ಯಾಲೆಂಡರ್ ಮೊಳೆ ಹೊಡೆಯಲೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದವರ ಕೈಗೆ ಗರಗಸ ಬರುವುದು ಹೀಗೆ.

ಮೊದಲ ಜಗಳ ಆಕಾರದ್ದು. ಮಗುವಿಗೆ ಶಾರ್ಕ್ ಬೇಕು. ಅಪ್ಪನಿಗೆ ಬೆಣೆ ಬೇಕು, ಗಾಳಿ ಸೀಳಬೇಕಲ್ಲ. ಇದರಲ್ಲಿ ಮಗುವಿನ ಮಾತು ಕೇಳುವುದೇ ಸರಿ. ಸಾಮಾನ್ಯವಾಗಿ ಟ್ರ್ಯಾಕಿನ ಉದ್ದ ಸುಮಾರು 42 ಅಡಿ, ಹೊರಡುವ ಜಾಗದ ಎತ್ತರ ಸುಮಾರು 4 ಅಡಿ, ಓಟ ಮುಗಿಯುವುದು ಮೂರು ಸೆಕೆಂಡಿನ ಆಸುಪಾಸಿನಲ್ಲಿ. ಅಷ್ಟರೊಳಗೆ ಗಾಳಿ ಕದಿಯುವುದಕ್ಕಿಂತ ಹೆಚ್ಚು ವೇಗವನ್ನು ಒರಟು ಮೊಳೆ, ಸೊಟ್ಟ ಚಕ್ರ ಮತ್ತು ತಪ್ಪು ಜಾಗದಲ್ಲಿ ಕೂತ ತೂಕ ಕದಿಯುತ್ತವೆ. ಆದರೆ ಶಾರ್ಕಿಗೂ ಒಂದು ಷರತ್ತು ಇದೆ. ಹೊರಡುವ ಗೇಟಿನಲ್ಲಿ ಪ್ರತಿ ಗಾಡಿಯೂ ಮೂತಿಯ ನಡುಭಾಗವನ್ನು ಒಂದು ಕಡ್ಡಿಗೆ ಒರಗಿಸಿ ನಿಲ್ಲುತ್ತದೆ. ಬಾಯಿ ತೆರೆದ ಶಾರ್ಕ್ ಆ ಕಡ್ಡಿಯನ್ನು ನುಂಗಿಬಿಡುತ್ತದೆ. ಗೇಟು ಬಿದ್ದಾಗ ಉಳಿದ ಗಾಡಿಗಳು ಓಡುತ್ತವೆ, ಶಾರ್ಕ್ ಕಚ್ಚಿಕೊಂಡೇ ಇರುತ್ತದೆ. ಸೂಜಿಯಂತೆ ಚೂಪಾದ ಮೂತಿಯೂ ಬೇಡ, ಅದು ಕಡ್ಡಿಯಿಂದ ಪಕ್ಕಕ್ಕೆ ಜಾರುತ್ತದೆ. ಮೂತಿಯ ನಡುವೆ ಅರ್ಧ ಇಂಚಾದರೂ ಚಪ್ಪಟೆ ಇರಲಿ, ಹಲ್ಲುಗಳನ್ನು ಪೇಂಟಿನಲ್ಲಿ ಬರೆಯಲಿ.

ಮರಕ್ಕೆ ಕೈ ಹಾಕುವ ಮೊದಲು ಹಿಂಭಾಗ ಯಾವುದೆಂದು ಪೆನ್ಸಿಲಿನಲ್ಲಿ ಬರೆದಿಡಿ. ಮೊಳೆ ಕೂರಲು ಮರದ ಅಡಿಯಲ್ಲಿರುವ ಎರಡು ಕಚ್ಚುಗಳು ಮರದ ಎರಡು ತುದಿಯಿಂದ ಸಮದೂರದಲ್ಲಿಲ್ಲ. ತಿರುವಿಹಾಕಿ ನೋಡುವಾಗ ದಿಕ್ಕು ತಪ್ಪಿ, ತೂಕ ತುಂಬುವ ತೂತನ್ನು ಮೂತಿಗೇ ಕೊರೆಯುವುದು ಪ್ರತಿವರ್ಷದ ಅನಾಹುತ. ಇನ್ನೊಂದು ಅನಾಹುತ ಮರ ಸೀಳುವುದು. ಮೊದಲು ಗರಗಸದಲ್ಲಿ ತೆಳ್ಳಗೆ ಮಾಡಿ, ಆಮೇಲೆ ಸುತ್ತಿಗೆಯಿಂದ ಮೊಳೆ ಬಡಿದರೆ ಪೈನ್ ಮರ ಎಳೆಯ ಗುಂಟ ಬಿರಿಯುತ್ತದೆ. ಮರ ಇಡಿಯಾಗಿ ಇರುವಾಗಲೇ ಚಕ್ರವಿಲ್ಲದ ಮೊಳೆಯನ್ನು ನಾಲ್ಕೂ ಕಡೆ ಒತ್ತಿ, ತೆಗೆದು, ದಾರಿ ಮಾಡಿಟ್ಟುಕೊಳ್ಳಿ. ಸೀಳಿದ್ದೇ ಆದರೆ ಫೆವಿಕಾಲ್ ಜಾತಿಯ ಮರದ ಅಂಟು ತುಂಬಿ, ಬಿಗಿಯಾಗಿ ಕಟ್ಟಿ ಒಂದು ರಾತ್ರಿ ಬಿಡಿ. ಮಗುವಿಗೆ ಬೆಳಿಗ್ಗೆ ಹೇಳಿದರೆ ಸಾಕು.

ತೂಕದ ಮಿತಿ 5 ಔನ್ಸ್, ಅಂದರೆ 141.7 ಗ್ರಾಂ. ಅದಕ್ಕಿಂತ ಕಡಿಮೆ ಇದ್ದರೆ ಯಾರೂ ಕೇಳುವುದಿಲ್ಲ, ಗಾಡಿ ಸೋಲುತ್ತದೆ ಅಷ್ಟೇ. ಅರ್ಧ ಇಂಚು ದಪ್ಪಕ್ಕೆ ಇಳಿಸಿದ ಮರ 40ರಿಂದ 50 ಗ್ರಾಂ ತೂಗುತ್ತದೆ. ಚಕ್ರ ಒಂದಕ್ಕೆ ಎರಡೂವರೆ ಗ್ರಾಂ ಚಿಲ್ಲರೆ. ಮೊಳೆ, ಪೇಂಟು ಎಲ್ಲ ಸೇರಿದರೂ ಇನ್ನು 75-80 ಗ್ರಾಂ ತುಂಬಬೇಕು. ಅಮೆರಿಕದ ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ, 5.67 ಗ್ರಾಂ. 14 ನಾಣ್ಯ ಹಾಕಿದರೆ ಮೂರೂವರೆ ಡಾಲರಿನಲ್ಲಿ ಲೆಕ್ಕ ಮುಗಿಯಿತು ಎಂದು ಅಪ್ಪನಿಗೆ ಅನಿಸುತ್ತದೆ. ಲೆಕ್ಕ ಸರಿಯೇ, ಜಾಗ ಮಾತ್ರ ಇಲ್ಲ. ನಾಣ್ಯಗಳಿಗೆ ಹನ್ನೊಂದು ಘನ ಸೆಂಟಿಮೀಟರಿನ ಗುಂಡಿ ಬೇಕು, ಬಲು ಭಾರದ ಲೋಹವಾದ ಟಂಗ್‌ಸ್ಟನ್‌ಗೆ ನಾಲ್ಕು ಚಿಲ್ಲರೆ ಸಾಕು. ಸೀಸ ಅಗ್ಗ, ಆದರೆ ವಿಷ. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ, ಅರ ಹಾಕಿ ಉಜ್ಜುವುದಂತೂ ಕೂಡದು. ನಾಣ್ಯಗಳನ್ನು ಹೊಟ್ಟೆಯ ಕೆಳಗೆ ಅಂಟಿಸುತ್ತೇನೆ ಎನ್ನುವವರಿಗೆ ಒಂದು ಮಾತು: ಟ್ರ್ಯಾಕಿನ ನಡುವೆ ಉದ್ದಕ್ಕೂ ಒಂದು ದಿಂಡು ಇರುತ್ತದೆ. ಗಾಡಿ ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ಓಡುವುದು. ಹೊಟ್ಟೆಗೂ ನೆಲಕ್ಕೂ 3/8 ಇಂಚು ಬಿಡದಿದ್ದರೆ ನಾಣ್ಯ ಆ ದಿಂಡಿಗೆ ತಾಗಿ ಉಜ್ಜುತ್ತಾ ಬ್ರೇಕಿನ ಕೆಲಸ ಮಾಡುತ್ತದೆ.

ತೂಕವನ್ನು ಹಿಂದಕ್ಕೆ ತಳ್ಳುವುದು ಯಾಕೆಂದರೆ, ಇಳಿಜಾರಿನಲ್ಲಿ ನಿಂತ ಗಾಡಿಯ ಬಾಲ ಮೂತಿಗಿಂತ ಎತ್ತರದಲ್ಲಿರುತ್ತದೆ. ಭಾರ ಎಷ್ಟು ಎತ್ತರದಿಂದ ಇಳಿದರೆ ಅಷ್ಟು ವೇಗ. ಗಾಡಿಯನ್ನು ಸ್ಕೇಲಿನ ಅಂಚಿನ ಮೇಲೆ ತಕ್ಕಡಿಯಂತೆ ತೂಗಿ ನೋಡಿ. ಹಿಂದಿನ ಚಕ್ರಗಳ ಮೊಳೆಯಿಂದ ಮುಕ್ಕಾಲರಿಂದ ಒಂದು ಇಂಚು ಮುಂದೆ ಅದು ಸಮತೂಕಕ್ಕೆ ಬರಬೇಕು. ಅತಿಯಾಸೆಯಿಂದ ಇನ್ನೂ ಹಿಂದಕ್ಕೆ ಸರಿಸಿದರೆ ಇಳಿಜಾರು ಮುಗಿದು ಟ್ರ್ಯಾಕ್ ಸಮತಟ್ಟಾಗುವ ಬಾಗಿನಲ್ಲಿ ಮುಂದಿನ ಚಕ್ರ ಮೇಲೇಳುತ್ತದೆ, ಗಾಡಿ ಅತ್ತಿತ್ತ ಒಲೆಯುತ್ತದೆ, ಕೆಲವೊಮ್ಮೆ ಪಕ್ಕದವರ ಲೇನಿಗೆ ನುಗ್ಗುತ್ತದೆ. ಪಕ್ಕದ ಲೇನಿನ ಅಪ್ಪನ ಮುಖವನ್ನು ಆಗ ನೋಡಬಾರದು.

ಇನ್ನು ಮೊಳೆ. ಪಂದ್ಯ ಗೆಲ್ಲುವುದು ಇಲ್ಲಿ. ಪೆಟ್ಟಿಗೆಯಲ್ಲಿ ಬಂದ ಮೊಳೆಯನ್ನು ಬೆಳಕಿಗೆ ಹಿಡಿದರೆ ತಲೆಯ ಅಡಿಯಲ್ಲಿ ಸಣ್ಣ ಗಂಟುಗಳೂ ಮೈಮೇಲೆ ಅಚ್ಚಿನ ಗೆರೆಗಳೂ ಕಾಣುತ್ತವೆ. ಚಕ್ರ ತಿರುಗಿದಾಗಲೆಲ್ಲ ಇವು ಪ್ಲಾಸ್ಟಿಕ್ಕನ್ನು ಕೆರೆಯುತ್ತವೆ. ಮೊಳೆಯ ಚೂಪು ತುದಿಯನ್ನು ಡ್ರಿಲ್ಲಿನ ಬಾಯಿಗೆ ಕೊಟ್ಟು ನಿಧಾನಕ್ಕೆ ತಿರುಗಿಸುತ್ತಾ, ಸಣ್ಣ ಅರವನ್ನು ಓರೆಯಾಗಿ ಹಿಡಿದು ತಲೆಯ ಅಡಿಯ ಗಂಟು ತೆಗೆಯಿರಿ. ಆಮೇಲೆ ನೀರಲ್ಲಿ ನೆನೆಸಿದ ಸ್ಯಾಂಡ್‌ಪೇಪರ್ ಪಟ್ಟಿ: ಮೊದಲು 400, ಅನಂತರ 600, 1000, 2000. ನಂಬರು ಹಾರಿಸಬಾರದು. 400 ಬಿಟ್ಟುಹೋದ ಗೀರನ್ನು 2000 ಅಳಿಸುವುದಿಲ್ಲ, ಹೊಳಪು ಕೊಟ್ಟು ಮುಚ್ಚಿಡುತ್ತದೆ. ಡ್ರಿಲ್ ದೊಡ್ಡವರ ಕೈಯಲ್ಲಿರಲಿ, ಪಟ್ಟಿಯನ್ನು ಮಗು ಹಿಡಿಯಲಿ, ಇಬ್ಬರ ಕಣ್ಣಿಗೂ ಕನ್ನಡಕ ಇರಲಿ. ಪೂರ್ತಿ ಗಾಡಿಯಲ್ಲಿ ಮಗುವಿಗೆ ನಿಜವಾಗಿ ಖುಷಿ ಕೊಡುವ ಕೆಲಸ ಇದು. ಮಸುಕು ಮೊಳೆ ಕಣ್ಣೆದುರೇ ಕನ್ನಡಿಯಾಗುತ್ತದೆ. ಕಬ್ಬಿಣದ ಮೈಯನ್ನೇ ಅರದಿಂದ ಉಜ್ಜಿ ತೆಳ್ಳಗೆ ಮಾಡಿದರೆ ಮಾತ್ರ ಚಕ್ರ ಗಡಗಡ ಅಲ್ಲಾಡುತ್ತದೆ, ಹೊಸ ಮೊಳೆ ತರಬೇಕು.

ಈಗ ಅಪ್ಪನ ರಕ್ತದಲ್ಲಿರುವ ಎತ್ತಿನ ಗಾಡಿ ಎದ್ದು ಕೂರುತ್ತದೆ. ಚಕ್ರ ಅಂದಮೇಲೆ ಕೀಲೆಣ್ಣೆ ಬೇಡವೇ? ಬಚ್ಚಲಿನಿಂದ ಕೊಬ್ಬರಿ ಎಣ್ಣೆ ಬಾಟಲಿ ಬರುತ್ತದೆ. ಬೇಡ. ಹೆಚ್ಚಿನ ಪ್ಯಾಕ್‌ಗಳ (ಕಬ್ ಸ್ಕೌಟ್‌ನ ಸ್ಥಳೀಯ ಗುಂಪುಗಳ) ನಿಯಮದಲ್ಲಿ ಒಣ ಪುಡಿಗೆ ಮಾತ್ರ ಅವಕಾಶ, ಎಣ್ಣೆ ಟ್ರ್ಯಾಕಿಗೂ ಅಂಟುತ್ತದೆ. ಹಾಕಬೇಕಾದ್ದು ಗ್ರಾಫೈಟ್, ಪೆನ್ಸಿಲ್ ಕಡ್ಡಿಯಲ್ಲಿರುವ ಕಪ್ಪು ಪದಾರ್ಥದ ಪುಡಿ. ಚಕ್ರದ ತೂತಿಗೆ ಚಿಟಿಕೆ ಹಾಕಿ, ಮೊಳೆ ತೂರಿಸಿ, ತಿರುಗಿಸಿ, ತಟ್ಟಿ ಉದುರಿಸಿ, ಮತ್ತೆ ಹಾಕಿ. ಚಕ್ರದ ಒಳಮೈ ಮರಕ್ಕೆ ತಾಗುವ ಜಾಗಕ್ಕೂ ಒಂದಿಷ್ಟು ಉಜ್ಜಿ. ಈ ಕೆಲಸ ಗ್ಯಾರೇಜಿನಲ್ಲೇ ಆಗಲಿ. ಬಾಡಿಗೆ ಮನೆಯ ಬಿಳಿ ಕಾರ್ಪೆಟ್ಟಿನ ಮೇಲೆ ಗ್ರಾಫೈಟ್ ಚೆಲ್ಲಿದವರು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಿ ಅಂಗೈಯಗಲದ ಕಲೆಯನ್ನು ಚಾಪೆಯಗಲ ಮಾಡುತ್ತಾರೆ.

ಚಕ್ರ ಜೋಡಿಸುವಾಗ ಮರಕ್ಕೂ ಚಕ್ರಕ್ಕೂ ನಡುವೆ ಒಂದು ಕ್ರೆಡಿಟ್ ಕಾರ್ಡ್ ದಪ್ಪದಷ್ಟು ಸಂದು ಬಿಡಿ. ಬಲ್ಲವರು ನಾಲ್ಕು ಚಕ್ರವನ್ನೂ ನೆಲಕ್ಕೆ ಮುಟ್ಟಿಸುವುದಿಲ್ಲ. ಬಲಗಡೆಯ ಮುಂದಿನ ಚಕ್ರವನ್ನು ಒಂದೂವರೆ ಮಿಲಿಮೀಟರ್ ಎತ್ತಿಬಿಟ್ಟರೆ ತಿರುಗಿಸಬೇಕಾದ ಚಕ್ರ ಒಂದು ಕಡಿಮೆಯಾಯಿತು. ಎಡಗಡೆಯ ಮುಂದಿನ ಮೊಳೆಯನ್ನು ತುಸು ಬಗ್ಗಿಸಿ, ಗಾಡಿ ಮೆಲ್ಲಗೆ ಬಲಕ್ಕೆ ಎಳೆಯುವಂತೆ ಮಾಡುತ್ತಾರೆ. ಆಗ ಎಡ ಚಕ್ರದ ಒಳಅಂಚು ನಡುವಿನ ದಿಂಡಿಗೆ ಒರಗಿಕೊಂಡೇ ಸಾಗುತ್ತದೆ, ಎರಡೂ ಬದಿಗೆ ಢಿಕ್ಕಿ ಹೊಡೆಯುವುದು ತಪ್ಪುತ್ತದೆ. ಎಳೆತ ಎಷ್ಟಿರಬೇಕು? ಸ್ವಲ್ಪ ಓರೆ ಮಾಡಿದ ನಾಲ್ಕಡಿ ಹಲಗೆಯ ಮೇಲೆ ಬಿಟ್ಟರೆ ಅಡಿಗೆ ಸುಮಾರು ಒಂದು ಇಂಚು ಪಕ್ಕಕ್ಕೆ ಸರಿಯಬೇಕು. ಮೊಳೆ ಬಗ್ಗಿಸುವುದನ್ನು ನಿಷೇಧಿಸಿದ ಪ್ಯಾಕ್‌ಗಳೂ ಇವೆ, ನಿಯಮದ ಹಾಳೆ ಓದಿಯೇ ಸುತ್ತಿಗೆ ಎತ್ತಿ. ನಿಷೇಧ ಇದ್ದರೆ ಗಾಡಿ ನೇರ ಓಡುವಂತೆ ಮಾಡಿದರೆ ಸಾಕು. ಎಲ್ಲ ಸರಿಹೋದ ಮೇಲೆ ಮೊಳೆಯ ತುದಿಗೆ, ಹೊಟ್ಟೆಯ ಕಡೆಯಿಂದ, ಒಂದೊಂದು ಹನಿ ಮರದ ಅಂಟು. ಸೂಪರ್ ಗ್ಲೂ ಬೇಡ. ಅದು ಮೊಳೆಯ ಗುಂಟ ಹರಿದು ಚಕ್ರದೊಳಗೆ ಸೇರುತ್ತದೆ. ಮೂರು ಚಕ್ರದ ತಂತ್ರ ಮಾಡಲು ಹೋದವರಿಗೆ ಎರಡು ಚಕ್ರವೂ ಉಳಿಯುವುದಿಲ್ಲ.

ಪೇಂಟು ಇದೆಲ್ಲಕ್ಕಿಂತ ಮೊದಲು ಮುಗಿದಿರಬೇಕಿತ್ತು. ಪಂದ್ಯದ ಹಿಂದಿನ ರಾತ್ರಿ ಹೊಡೆಯುವವರೇ ಜಾಸ್ತಿ. ಜನವರಿಯ ಗ್ಯಾರೇಜಿನ ಚಳಿಗೆ ಸ್ಪ್ರೇ ಪೇಂಟ್ ಒಣಗುವುದಿಲ್ಲ. ಬೆಳಿಗ್ಗೆ ನೋಡಿದರೆ ಶಾರ್ಕಿನ ಬೆನ್ನಿನ ಮೇಲೆ ಮನೆಮಂದಿಯ ಬೆರಳಚ್ಚು.

ತೂಕ ಹಾಕಿಸುವ ಮೇಜು ಬೇರೆಯದೇ ಲೋಕ. ಅಡುಗೆಮನೆಯ ತೂಕದ ಯಂತ್ರ 141 ಗ್ರಾಂ ಎಂದದ್ದನ್ನು ಅಲ್ಲಿಯ ಯಂತ್ರ 5.04 ಔನ್ಸ್ ಎನ್ನುತ್ತದೆ, ನಡೆಯುವುದು ಅಲ್ಲಿಯದೇ. ಮನೆಯಲ್ಲಿ ಒಂದೆರಡು ಗ್ರಾಂ ಕಡಿಮೆ ಇಟ್ಟುಕೊಂಡು, ಮೇಣದಂತೆ ಮೆತ್ತಬಹುದಾದ ಟಂಗ್‌ಸ್ಟನ್ ಮುದ್ದೆಯನ್ನು ಜೇಬಿನಲ್ಲಿ ಒಯ್ಯುವುದು ಜಾಣತನ. ಮಗು ಹೊರಡುವಾಗ ಅಂಟಿಸಿದ ಲೆಗೋ ಡ್ರೈವರ್ ಮೂರು ಗ್ರಾಂ ತೂಗುತ್ತಾನೆ. ಡ್ರೈವರನ್ನು ಇಳಿಸುವ ಬದಲು ಹೊಟ್ಟೆಗೆ ಎರಡು ತೂತು ಕೊರೆಯಿರಿ, ಅಳು ತಪ್ಪುತ್ತದೆ. ಆ ಹೊತ್ತಿಗೆ ಊರಿಂದ ಬಂದ ಅಜ್ಜಿ ಮನೆಯಲ್ಲಿದ್ದರೆ ಹೊಸ ಗಾಡಿಗೆ ಪೂಜೆ ತಪ್ಪುವುದಿಲ್ಲ. ಚಕ್ರದ ಅಡ್ಡಳತೆ 3 ಸೆಂಟಿಮೀಟರ್, ನಿಂಬೆಹಣ್ಣು ಅದಕ್ಕಿಂತ ದೊಡ್ಡದು, ಗಾಡಿ ಹಣ್ಣಿನ ಮೇಲೆ ಹತ್ತುವುದಿಲ್ಲ. ದ್ರಾಕ್ಷಿ ಸಾಕು ಎಂದು ಅಜ್ಜಿಯನ್ನು ಒಪ್ಪಿಸಬಹುದು. ಅರಿಶಿನ ಕುಂಕುಮ ಮೂತಿಗೆ ಮಾತ್ರ ಇರಲಿ. ಚಕ್ರದ ತೂತಿಗೆ ಬಿದ್ದರೆ ಗ್ರಾಫೈಟಿನ ಶ್ರಮವೆಲ್ಲ ವ್ಯರ್ಥ.

ತೂಕವಾದ ಗಾಡಿಯನ್ನು ಪಂದ್ಯ ಮುಗಿಯುವವರೆಗೆ ಮುಟ್ಟುವಂತಿಲ್ಲ. ಅಪ್ಪಂದಿರು ಕೈಕಟ್ಟಿ ನಿಂತು ನರಳುವುದು ಆಗಲೇ. ಟೈಮರ್ ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ತೋರಿಸುತ್ತದೆ. ನೂರನೇ ಒಂದು ಭಾಗದ ಸೋಲೆಂದರೆ ನಾಲ್ಕೈದು ಸೆಂಟಿಮೀಟರ್. ಮಕ್ಕಳು ಅಷ್ಟು ಹೊತ್ತಿಗೆ ಪಿಜ್ಜಾ ಕಡೆ ಓಡಿರುತ್ತಾರೆ. ಮೊಳೆಯ ಕೋನ ಅರ್ಧ ಡಿಗ್ರಿ ಹೆಚ್ಚಾಯಿತೇ ಎಂದು ಗೋಡೆಗೆ ಒರಗಿ ಚರ್ಚಿಸುವವರು ದೊಡ್ಡವರು ಮಾತ್ರ. ಇಂಥವರಿಗೆಂದೇ ಅನೇಕ ಪ್ಯಾಕ್‌ಗಳು ಅಪ್ಪ-ಅಮ್ಮ, ಅಣ್ಣ-ಅಕ್ಕಂದಿರ ಗಾಡಿಗಳಿಗೆ ಬೇರೆ ಓಟ ಇಟ್ಟಿವೆ. ಮೊದಲ ದಿನವೇ ಎರಡು ಪೆಟ್ಟಿಗೆ ತಂದುಬಿಟ್ಟರೆ ಒಳ್ಳೆಯದು. ಅಪ್ಪ ತನ್ನ ಬೆಣೆಯನ್ನು ತಾನೇ ಕೊರೆದುಕೊಳ್ಳಲಿ, ಶಾರ್ಕಿನ ತಂಟೆಗೆ ಹೋಗದಿರಲಿ. ತೂಕದ ಮೇಜಿನ ಬಳಿ ಮಗಳು ಪಕ್ಕದಲ್ಲಿ ನಿಂತು, "ಅಪ್ಪಾ, ನಿಂದು ಐದಕ್ಕಿಂತ ಜಾಸ್ತಿ ಇದೆ, ಎಲ್ಲಿ ತೂತು ಕೊರೀಲಿ?" ಎಂದು ಕೇಳಿದರೆ, ಹೊಟ್ಟೆಯ ಕಡೆ ತೋರಿಸಿ.