ತಲೆ ಬಲ್ಲವರು ಅಂಗಡಿ ಬದಲಿಸಿದಾಗ

ಯಾವಾಗಲೂ ಕೂದಲು ಕತ್ತರಿಸುತ್ತಿದ್ದವರನ್ನು ಕೇಳಿದಾಗ ‘ಅವರು ರಜೆಯಲ್ಲಿದ್ದಾರೆ’ ಎಂದು ಸಲೂನಿನ ಕೌಂಟರಿನಲ್ಲಿ ಒಂದು ಸಲ ಹೇಳಿದರೆ ನಂಬಬಹುದು. ಎರಡನೇ ಸಲವೂ ಅದನ್ನೇ ಹೇಳಿದರೆ ಕನ್ನಡಿಯ ಕೆಳಗಿನ ಟೇಬಲ್ ನೋಡಿ. ಕತ್ತರಿ ಸಾಮಾನ್ಯವಾಗಿ ಅಂಗಡಿಯದ್ದಲ್ಲ, ಕತ್ತರಿಸುವವರದ್ದು. ಕತ್ತರಿ, ಬಾಚಣಿಗೆ, ಟ್ರಿಮ್ಮರ್ ಇದ್ದ ಜಾಗವನ್ನು ನೀಟಾಗಿ ಒರೆಸಿಟ್ಟಿದ್ದರೆ ಅವರು ಹೋಗಿಯಾಯಿತು.

ಎಲ್ಲಿಗೆ ಹೋದರು ಎಂದು ಕೌಂಟರಿನಲ್ಲಿ ಪೀಡಿಸಿ ಫಲವಿಲ್ಲ. ಹೇಳಿದರೆ ಗಿರಾಕಿಯನ್ನೂ ಜೊತೆಗೇ ಕಳಿಸಿಕೊಟ್ಟ ಹಾಗಾಗುತ್ತದೆ. ಒಂದು ಫೋನ್ ಕೂಡ ಮಾಡಲಿಲ್ಲ ಎಂದು ಅವರ ಮೇಲೂ ಮುನಿಸಿಕೊಳ್ಳಬೇಡಿ. ಹಳೆಯ ಗಿರಾಕಿಗಳನ್ನು ಕರೆಯಬಾರದೆಂದು ಕೆಲವು ಕಡೆ ಕರಾರು ಬರೆಸಿಕೊಂಡಿರುತ್ತಾರೆ. ಗಿರಾಕಿ ಯಾವ ಕರಾರಿಗೂ ಸಹಿ ಹಾಕಿಲ್ಲವಲ್ಲ, ಇನ್‌ಸ್ಟಾಗ್ರಾಮ್‌ನಲ್ಲಿ ಧಾರಾಳವಾಗಿ ಹುಡುಕಬಹುದು. ಈ ಕೆಲಸದವರು ತಾವು ಕತ್ತರಿಸಿದ ತಲೆಗಳ ಹಿಂಭಾಗದ ಫೋಟೊ ಹಾಕದೆ ಇರುವುದು ಅಪರೂಪ.

ಸಿಗುವವರೆಗೆ ಕೂದಲು ಕಾಯುವುದಿಲ್ಲ, ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತಲೇ ಇರುತ್ತದೆ. ಯಾರಿಗೋ ತಲೆ ಕೊಡಲೇಬೇಕು. ನಿಜವಾದ ಫಜೀತಿ ಶುರುವಾಗುವುದು ಆಗಲೇ. ‘ಹೇಗೆ ಮಾಡಲಿ?’ ಎಂದು ಹೊಸಬರು ಕೇಳುತ್ತಾರೆ, ‘ಯಾವಾಗಲೂ ಮಾಡೋ ಹಾಗೆ’ ಎಂಬ ಉತ್ತರ ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಯಾವಾಗಲೂ ಹೇಗೆ ಮಾಡುತ್ತಿದ್ದರು ಎಂಬುದು ತಲೆಯ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಎಡಗಿವಿ ಬಲಗಿವಿಗಿಂತ ಚೂರು ಮೇಲಿದೆ, ಕತ್ತಿನ ಹಿಂದೆ ಮಚ್ಚೆಯಿದೆ, ನೆತ್ತಿಯ ಸುಳಿ ನಡುವಿನಲ್ಲಿಲ್ಲ, ಇವನ್ನೆಲ್ಲ ಹಳಬರು ಲೆಕ್ಕ ಹಾಕಿಕೊಂಡು ತೆಪ್ಪಗೆ ಸರಿದೂಗಿಸುತ್ತಿದ್ದರು. ಅದರಲ್ಲೂ ಸುಳಿಯ ವಿಷಯ ಮೊದಲೇ ಹೇಳಿಬಿಡಬೇಕು. ಅಲ್ಲಿನ ಕೂದಲು ಒಂದೋ ತೀರಾ ಗಿಡ್ಡವಿರಬೇಕು, ಇಲ್ಲವೇ ತನ್ನ ಭಾರಕ್ಕೆ ತಾನೇ ಮಲಗುವಷ್ಟು ಉದ್ದವಿರಬೇಕು. ಮಧ್ಯದ ಅಳತೆಗೆ ಕತ್ತರಿಸಿದರೆ ಆಂಟೆನಾದಂತೆ ಎದ್ದು ನಿಲ್ಲುತ್ತದೆ. ಅದನ್ನು ಮಲಗಿಸುವ ಜೆಲ್ ಇನ್ನೂ ಹುಟ್ಟಿಲ್ಲ.

ಮೆಷಿನ್ ಕಟಿಂಗ್ ಆದರೆ ನಂಬರು ತಿಳಿದಿರಲಿ. ಮೆಷಿನ್ನಿನ ಬಾಯಿಗೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡಿನ ನಂಬರ್ 1 ಅಂದರೆ ತಲೆಯ ಮೇಲೆ ಉಳಿಯುವ ಕೂದಲು ಸುಮಾರು 3 ಮಿ.ಮೀ., 2 ಅಂದರೆ 6, 3 ಅಂದರೆ 10, 4 ಅಂದರೆ 13. ನಂಬರಿಗೊಂದು ಇಂಚಿನ ಎಂಟನೇ ಒಂದು ಭಾಗ. ಅಷ್ಟಕ್ಕೇ ನಿಶ್ಚಿಂತೆಯಿಂದ ಕೂರುವಂತಿಲ್ಲ. ಮೆಷಿನ್ನಿನ ಪಕ್ಕದ ಲಿವರ್ ತೆರೆದಿದ್ದರೆ ಅದೇ ನಂಬರಿನಲ್ಲಿ ಕೂದಲು ಕೊಂಚ ಹೆಚ್ಚು ಉಳಿಯುತ್ತದೆ. ಬೆಳವಣಿಗೆಯ ದಿಕ್ಕಿನಲ್ಲೇ ಓಡಿಸಿದರೆ ಇನ್ನೂ ಹೆಚ್ಚು. ಹಳಬರು ಹೀಗೆ ಓಡಿಸುತ್ತಿದ್ದ 2 ಹೊಸಬರ ಕೈಯಲ್ಲಿ ಎದುರು ದಿಕ್ಕಿಗೆ ಓಡಿದರೆ ಕಿವಿಯ ಮೇಲೆ ತಲೆಯ ಚರ್ಮ ಇಣುಕುತ್ತದೆ. ಆದ್ದರಿಂದ 2 ಬೇಕಿದ್ದವರು ಮೊದಲು 4 ಕೇಳಲಿ, ಆಮೇಲೆ 3, ಆಮೇಲೆ 2. ಹೊಸಬರು ‘ಇದೇನು ಚೌಕಾಸಿ’ ಎಂಬಂತೆ ನೋಡುತ್ತಾರೆ. ನೋಡಲಿ.

ಕತ್ತರಿಯ ಕೆಲಸದಲ್ಲಿ ಅಪಾಯವಿರುವುದು ಇಂಚಿನಲ್ಲಿ. ‘ಎರಡು ಇಂಚು ಸಾಕು’ ಅಂದರೆ ತೆಗೆಯಲು ಎರಡು ಇಂಚೋ, ಉಳಿಸಲು ಎರಡು ಇಂಚೋ? ಈ ಅನುಮಾನ ಗಿರಾಕಿಗೆ ಬರುವಷ್ಟರಲ್ಲಿ ನೆಲದ ಮೇಲೆ ಆರು ಇಂಚು ಬಿದ್ದಿರುತ್ತದೆ. ಬಾಯಲ್ಲಿ ಹೇಳುವ ಬದಲು, ಕೂದಲು ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಬೆರಳಿಟ್ಟು ತೋರಿಸಿ: ಕಾಲರ್ ಮೂಳೆಗೆ, ಗದ್ದಕ್ಕೆ, ಹುಬ್ಬಿಗೆ. ಅದನ್ನೂ ಒಣಕೂದಲಿನಲ್ಲಿ, ನೀರು ಚಿಮುಕಿಸುವ ಮುಂಚೆ ತೋರಿಸಿ. ಒದ್ದೆ ಕೂದಲು ಹಿಗ್ಗಿರುತ್ತದೆ. ಗುಂಗುರು ಕೂದಲಂತೂ ಒಣಗಿದ ಮೇಲೆ ಸುರುಳಿ ಸುತ್ತಿ ಮೇಲೇರುತ್ತದೆ. ಒದ್ದೆಯಿದ್ದಾಗ ಹುಬ್ಬು ಮುಟ್ಟುತ್ತಿದ್ದ ಮುಂಗುರುಳು ಡ್ರೈಯರ್ ಆಫ್ ಮಾಡುವ ಹೊತ್ತಿಗೆ ಹಣೆಯ ನಡುವಿನಲ್ಲಿರುತ್ತದೆ, ಮುಖಕ್ಕೆ ಕಾಯಂ ಆಶ್ಚರ್ಯದ ಕಳೆ.

ಕೂತ ಭಂಗಿಯೂ ಕಟಿಂಗಿನ ಒಂದು ಭಾಗವೇ. ಕಾಲ ಮೇಲೆ ಕಾಲು ಹಾಕಿ ಕೂತರೆ ಸೊಂಟ ಓರೆಯಾಗಿ, ಭುಜ ಓರೆಯಾಗಿ, ಕೊನೆಗೆ ಕೂದಲೂ ಓರೆಯಾಗುತ್ತದೆ. ಹಳಬರು ಮೊಣಕಾಲು ತಟ್ಟಿ ಇಳಿಸುತ್ತಿದ್ದರು, ಹೊಸಬರು ಸಂಕೋಚಕ್ಕೆ ಸುಮ್ಮನಿರುತ್ತಾರೆ. ಕನ್ನಡಕದವರ ಪಾಡು ಬೇರೆಯೇ. ಕನ್ನಡಕ ತೆಗೆದಿಟ್ಟ ಮೇಲೆ ಎದುರಿಗಿರುವುದು ಮಂಜು. ಕೊನೆಯಲ್ಲಿ ಕೈಕನ್ನಡಿ ಹಿಡಿದು ‘ಹಿಂದುಗಡೆ ಓಕೆನಾ?’ ಎಂದರೆ, ಏನೂ ಕಾಣದೆಯೂ ಗಂಭೀರವಾಗಿ ತಲೆಯಾಡಿಸುವುದು ಬಹುಪಾಲು ಕನ್ನಡಕಧಾರಿಗಳ ಚಾಳಿ. ಕನ್ನಡಕ ಹಾಕಿಕೊಂಡು ನೋಡಿ. ಉದ್ದ ಕೂದಲಾದರೆ ಎರಡೂ ಕಿವಿಯ ಪಕ್ಕದ ಕೂದಲನ್ನು ಗದ್ದದ ಕೆಳಗೆ ಎಳೆದು ಜೋಡಿಸಿ ಅಳೆಯಲು ಹೇಳಿ. ಕುರ್ಚಿಯಿಂದ ಏಳುವ ಮುಂಚೆ ತಿದ್ದಿಸುವುದು ಎರಡು ನಿಮಿಷದ ಮಾತು, ಮನೆಗೆ ಹೋದ ಮೇಲೆ ನೆನಪಾದರೆ ಎರಡು ತಿಂಗಳ ಮಾತು.

ಇಷ್ಟಾಗಿಯೂ ಕಟಿಂಗ್ ಕೆಟ್ಟರೆ ಕೂದಲು ಮತ್ತೆ ಬರುತ್ತದೆ. ಬಣ್ಣ ಕೆಟ್ಟರೆ ಹಾಗಲ್ಲ. ಹಳಬರು ಬಣ್ಣದ ವಿವರ ಬರೆದಿಟ್ಟ ಕಾರ್ಡ್ ಸಿಕ್ಕಿದರೆ ಫೋಟೊ ತೆಗೆದಿಟ್ಟುಕೊಳ್ಳಿ: ಕಂಪನಿ, ಶೇಡ್ ನಂಬರ್, ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್, ಅಂದರೆ ಡೆವಲಪರ್ ಎಷ್ಟು ಪರ್ಸೆಂಟ್, ಎಷ್ಟಕ್ಕೆ ಎಷ್ಟು ಬೆರೆಸಿದ್ದು, ಎಷ್ಟು ನಿಮಿಷ. ಬರೀ ಶೇಡ್ ನಂಬರ್ ಸಾಲದು. ಚುಕ್ಕಿಗೆ ಮೊದಲಿನ ಅಂಕೆ ಗಾಢತೆ ಹೇಳುತ್ತದೆ, 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ. ಚುಕ್ಕಿಯ ನಂತರದ್ದು ಛಾಯೆ. ಒಂದು ಕಂಪನಿಯ .5 ಹೊಂಬಣ್ಣವಾದರೆ ಇನ್ನೊಂದರ .5 ಮಹಾಗನಿ ಕೆಂಪು. ಹಾಗಾಗಿ ನೆಚ್ಚಿನ ಕೈಯನ್ನೇ ಹುಡುಕಿಕೊಂಡು ಹೊಸ ಅಂಗಡಿಗೆ ಹೋದವರಿಗೂ ಹಳೆಯ ಬಣ್ಣ ಸಿಗದಿರಬಹುದು, ಆ ಅಂಗಡಿಯ ಟ್ಯೂಬೇ ಬೇರೆ. ನರೆ ಮುಚ್ಚಲು ಸಾಮಾನ್ಯವಾಗಿ 6 ಪರ್ಸೆಂಟ್, ಅಂದರೆ 20 ವಾಲ್ಯೂಮ್ ಡೆವಲಪರ್ ಬಳಸುತ್ತಾರೆ. ಬೇರಿಗಷ್ಟೇ ಹಚ್ಚಲು ಹೇಳಿ. ಪ್ರತಿ ಸಲ ತುದಿಯವರೆಗೆ ಎಳೆದರೆ ತುದಿ ಕಪ್ಪಗಾಗುತ್ತಲೇ ಹೋಗುತ್ತದೆ. ಅದರ ಮೇಲೆ ತಿಳಿ ಬಣ್ಣ ಹಚ್ಚಿದರೆ ಏನೂ ಆಗದು, ಹಚ್ಚಿದ ಬಣ್ಣವನ್ನು ತಿಳಿಯಾಗಿಸುವ ಶಕ್ತಿ ಇನ್ನೊಂದು ಬಣ್ಣಕ್ಕಿಲ್ಲ, ಬ್ಲೀಚೇ ಗತಿ. ಟ್ಯೂಬ್ ಬದಲಾದರೆ 48 ಗಂಟೆ ಮುಂಚೆ ಮೊಣಕೈ ಒಳಮಡಿಕೆಯಲ್ಲಿ ಚೂರು ಬಣ್ಣ ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಮಾಡಿಸಲೇಬೇಕು. ಇಲ್ಲಿ ಮಾತ್ರ ನಗು ಬೇಡ, ಅಲರ್ಜಿಯಾದರೆ ಮುಖವೇ ಊದಿಕೊಳ್ಳಬಹುದು.

ಮದುವೆ, ಸಂದರ್ಶನ ಏನಾದರೂ ಇದ್ದರೆ ಹೊಸ ಕೈಯನ್ನು ಅದಕ್ಕೆ ಮೂರು ವಾರ ಮುಂಚೆ ಪರೀಕ್ಷಿಸಿ, ಹಿಂದಿನ ದಿನವಲ್ಲ. ಮೊದಲ ಭೇಟಿಯಲ್ಲಿ ಬರೀ ತುದಿ ಟ್ರಿಮ್ ಮಾಡಿಸಿ. ಚೆನ್ನಾಗಿ ಬಂದರೆ ಒಂದು ವಾರ ಬಿಟ್ಟು, ಕೂದಲು ತನ್ನ ಜಾಗಕ್ಕೆ ಕೂತ ಮೇಲೆ ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಎರಡು ಪಕ್ಕ, ನೆತ್ತಿ ಹೀಗೆ ಐದು ಫೋಟೊ ತೆಗೆಸಿಡಿ. ಸಿನಿಮಾ ನಟರ ಫೋಟೊ ತೋರಿಸುವುದಕ್ಕಿಂತ ತನ್ನದೇ ತಲೆಯ ಫೋಟೊ ತೋರಿಸುವುದು ಮೇಲು. ಕೂದಲಿನ ದಪ್ಪವಾದರೂ ತಾಳೆಯಾಗುತ್ತದೆ.

‘ಇದನ್ನು ಯಾರು ಕಟ್ ಮಾಡಿದ್ದು?’ ಎಂದು ಹೊಸಬರು ಕೇಳಿಯೇ ಕೇಳುತ್ತಾರೆ. ಅದು ಈ ವೃತ್ತಿಯ ಮಂಗಳಾಚರಣೆ, ಉತ್ತರ ಕೊಡಬೇಕಾಗಿಲ್ಲ. ಹೊಸಬರ ಕೈ ನಿಜಕ್ಕೂ ಒಗ್ಗಿಬಿಟ್ಟರೆ ಸಂಕಟ ಬೇರೆ. ಹಳಬರು ದಾರಿಯಲ್ಲಿ ಸಿಕ್ಕಾಗ ಮುಖ ನೋಡುವುದಿಲ್ಲ, ಸೀದಾ ಕಿವಿಯ ಹಿಂದೆ ನೋಡುತ್ತಾರೆ. ಬೇರೆ ಕತ್ತರಿ ಆಡಿರುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ನಿಜ ಹೇಳಿಬಿಡುವುದೇ ಸಲೀಸು. ಟೋಪಿ ಹಾಕಿಕೊಂಡು ತಪ್ಪಿಸಿಕೊಳ್ಳುವವರನ್ನು ಅವರು ಇನ್ನೂ ಬೇಗ ಗುರುತು ಹಿಡಿಯುತ್ತಾರೆ.