ಬಸ್ಸಿನ ಲೆಕ್ಕ ಇನ್ನೊಮ್ಮೆ ನೋಡಿ

ಬಲ ಅಂದರೆ ಸಂವೇಗ (ದ್ರವ್ಯರಾಶಿ × ವೇಗ) ಬದಲಾಗುವ ದರ ಅನ್ನೋ ನ್ಯೂಟನ್ನನ ಎರಡನೇ ನಿಯಮದ ಬಗ್ಗೆ ನಿಮ್ಮ ವಿವರಣೆ ಚೆನ್ನಾಗಿದೆ ಸರ್, ಆದರೆ ಉದಾಹರಣೆಯಲ್ಲಿ ಎಡವಟ್ಟಾಗಿದೆ. 12 ಟನ್ ತೂಕದ ಬಸ್ಸು ಟ್ರಾಫಿಕ್ ಜಾಮ್‌ಗೆ ಹೆಸರಾದ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ ಬಿಟ್ಟು 10 ಸೆಕೆಂಡಲ್ಲಿ ಗಂಟೆಗೆ 36 ಕಿ.ಮೀ. ವೇಗಕ್ಕೆ ಬರುತ್ತೆ ಅಂತ ಇಟ್ಟುಕೊಂಡು, 12,000ವನ್ನು ಸೀದಾ 36ರಿಂದ ಗುಣಿಸಿ ಸಂವೇಗ 4,32,000 ಅಂದಿದ್ದೀರಿ. (ಸಿಲ್ಕ್ ಬೋರ್ಡ್‌ನಲ್ಲಿ 36 ಕಿ.ಮೀ. ವೇಗವಾ? ಇರಲಿ ಬಿಡಿ.) ಮೊದಲು 3.6ರಿಂದ ಭಾಗಿಸಿ ಸೆಕೆಂಡಿಗೆ 10 ಮೀಟರ್ ಮಾಡಿಕೊಳ್ಳಬೇಕು ಅಲ್ವಾ? ಆಗ ಸಂವೇಗ 1,20,000. ಅದು ಸೊನ್ನೆಯಿಂದ ಅಷ್ಟಾಗಲು 10 ಸೆಕೆಂಡು ಹಿಡಿದಿದೆ, ಹಾಗಾಗಿ ಸರಾಸರಿ ಬಲ 12,000 ನ್ಯೂಟನ್. ಇದೂ ನಿವ್ವಳ ಬಲ (ಹಿಂದಕ್ಕೆ ಎಳೆಯೋದನ್ನೆಲ್ಲಾ ಕಳೆದು ಉಳಿಯೋದು) ಅಷ್ಟೇ. ಗಾಳಿ, ಟೈರು ಎಲ್ಲಾ ಹಿಂದಕ್ಕೆ ಎಳೀತಾ ಇರೋದರಿಂದ ಚಕ್ರಗಳು ಇದಕ್ಕಿಂತ ಜಾಸ್ತಿ ಬಲ ಹಾಕಲೇಬೇಕು.

ನಿಜವಾದ ಮಜಾ ಇರೋದು ಬ್ರೇಕ್‌ನಲ್ಲಿ, ಅದನ್ನು ನೀವು ಮುಟ್ಟೇ ಇಲ್ಲ. ಅದೇ ಬಸ್ಸಿಗೆ ಸ್ಕೂಟರ್‌ನವನೊಬ್ಬ ಅಡ್ಡ ಬಂದು, ಡ್ರೈವರ್ 2 ಸೆಕೆಂಡಲ್ಲಿ ನಿಲ್ಲಿಸಿದ ಅಂದುಕೊಳ್ಳಿ. ಸಂವೇಗದ ಬದಲಾವಣೆ ಅಷ್ಟೇ, ಬಲ ಮಾತ್ರ 60,000 ನ್ಯೂಟನ್, ಐದು ಪಟ್ಟು! ಒಳಗೆ ನಿಂತಿರುವ 60 ಕೆ.ಜಿ.ಯ ಪ್ರಯಾಣಿಕನನ್ನು ತಡೆಯಲು, ಅದೇ ಲೆಕ್ಕದಲ್ಲಿ (60 × 10 ÷ 2), 300 ನ್ಯೂಟನ್ ಬೇಕು, ಅಂದರೆ ಸುಮಾರು 30 ಕೆ.ಜಿ. ಮೂಟೆ ಎತ್ತಿದಷ್ಟು. ಅದಷ್ಟೂ ಅವನ ಅಂಗಾಲು ಮತ್ತು ಕಂಬಿ ಹಿಡಿದ ಕೈಯಿಂದಲೇ ಬರಬೇಕು. ಒಂದು ಕೈಯಲ್ಲಿ ಫೋನ್ ಇದ್ದರೆ ಮುಗೀತು.

ಇನ್ನೊಂದು, ಬಲ ತಿಳಿಯಲು ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ (ವೇಗ ಬದಲಾಗುವ ದರದಿಂದ) ಗುಣಿಸುವ ಸೂತ್ರ ದ್ರವ್ಯರಾಶಿ ಬದಲಾಗದಿದ್ದರೆ ಮಾತ್ರ ಸೀದಾ ನಡೆಯುತ್ತೆ. ಇಂಧನ ಉರಿಸುತ್ತಾ ಹಗುರಾಗುವ ರಾಕೆಟ್‌ಗೆ ಅದನ್ನು ಸುಮ್ನೆ ಹಾಗೇ ಹಾಕಬೇಡಿ, ಹೊರಗೆ ಹೋಗುವ ಅನಿಲದ ಸಂವೇಗವನ್ನೂ ಲೆಕ್ಕಕ್ಕೆ ತಗೋಬೇಕು.