ಅಲೈನ್‌ಮೆಂಟಿಗೆ ಓಡುವ ಮೊದಲು ಬುಷ್ ನೋಡಿ ಮಾರಾಯ್ರೆ

ಮಳೆಗಾಲ ಮುಗಿದದ್ದೇ ತಡ, ನಮ್ಮ ಉಡುಪಿ ಕಡೆ ಹಳೆ ಓಮ್ನಿ ಇಟ್ಟುಕೊಂಡವರೆಲ್ಲ ವೀಲ್ ಅಲೈನ್‌ಮೆಂಟಿಗೆ ಹೊರಡುತ್ತಾರೆ. ಬ್ರೇಕ್ ಹಿಡಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟಯರಿನ ಒಂದೇ ಅಂಚು ಸವೆಯುತ್ತದೆ, ಹಂಪ್ ಇಳಿಯುವಾಗ ಎದುರಿನಿಂದ ಕಟಕ್ ಅಂತ ಶಬ್ದ. ದುಡ್ಡು ಕೊಟ್ಟು ಬಂದ ಮೇಲೂ ಅದೇ ಕಥೆ. ಎದುರಿನ ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ಲೋವರ್ ಆರ್ಮಿನ ಬುಷ್ ಹೋಗಿದ್ದರೆ ಅಲೈನ್‌ಮೆಂಟ್ ನಿಲ್ಲುವುದಾದರೂ ಹೇಗೆ? ಮೆಷಿನ್ ತೋರಿಸುವುದು ನಿಂತ ಗಾಡಿಯ ಲೆಕ್ಕ. ಪಡುಬಿದ್ರಿಯಲ್ಲಿ ಬಸ್ಸಿಗೆ ಹೆದರಿ ಬ್ರೇಕ್ ತುಳಿದಾಗ ಆರ್ಮ್ ಅಲುಗಾಡಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಓಮ್ನಿ ಬರುವುದು ನಿಂತದ್ದು 2019ರಲ್ಲಿ. ಈಗ ಓಡುವುದೆಲ್ಲ ಹಳೆ ರಬ್ಬರಿನ ಮೇಲೆಯೇ. ಬುಷ್ ಅಂದರೆ ಎಂತದ್ದೂ ಇಲ್ಲ: ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಸಣ್ಣ ಪೈಪು, ನಡುವೆ ರಬ್ಬರ್. ಚಕ್ರ ಮೇಲೆ ಕೆಳಗೆ ಆದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಸರಿಯಾಗುತ್ತದೆ. ಅಲ್ಲಿ ಏನೂ ಜಾರುವುದಿಲ್ಲ, ಹಾಗಾಗಿ ಗ್ರೀಸಿನ ಕೆಲಸವೂ ಇಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ತುಕ್ಕು ಹಿಡಿಯಬಾರದು ಅಂತ ಗಾಡಿಯ ಅಡಿಗೆಲ್ಲ ಡೀಸೆಲ್, ಹಳೆ ಆಯಿಲ್ ಹೊಡೆಸುತ್ತಾರೆ. ತಗಡು ಉಳಿಯಬಹುದು; ಆಯಿಲ್ ಕುಡಿದ ರಬ್ಬರ್ ಉಬ್ಬಿ, ಮೆತ್ತಗಾಗಿ, ಕೊನೆಗೆ ಹರಿಯುತ್ತದೆ. ಹೊಡೆಸಲೇಬೇಕಿದ್ದರೆ ಬುಷ್ ಬಿಟ್ಟು ಹೊಡೆಯಲಿ.

ನೋಡುವುದು ಸುಲಭ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ), ಟಾರ್ಚ್ ಹಿಡಿದು ರಬ್ಬರಿನ ಅಂಚು ನೋಡಿ. ಮೇಲ್ಮೈಯಲ್ಲಿ ಕೂದಲಿನಂಥ ಬಿರುಕಿದ್ದರೆ ಸದ್ಯ ತೊಂದರೆಯಿಲ್ಲ. ರಬ್ಬರ್ ಕಬ್ಬಿಣ ಬಿಟ್ಟು ಎದ್ದಿದ್ದರೆ, ಲಿವರ್ ಹಾಕಿ ಎತ್ತಿದಾಗ ಆರ್ಮ್ ಲೊಡಲೊಡ ಅಂದರೆ, ಎರಡೂ ಬದಿ ಬದಲಿಸಿ.

ಹಾಕುವಾಗ ಹತ್ತಿರವೇ ನಿಲ್ಲಿ. ಹಳೆಯದನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯುವುದಕ್ಕಿಂತ ಒತ್ತಿ ತೆಗೆಯುವ ಪ್ರೆಸ್ ಮೆಷಿನ್ ಇರುವ ಕಡೆ ಕೊಟ್ಟರೆ ಆರ್ಮ್ ಉಳಿಯುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಫುಲ್ ಟೈಟ್ ಮಾಡಿದರೆ, ಗಾಡಿ ಕೆಳಗಿಳಿದ ಮೇಲೆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ಷೂ ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ಮುಟ್ಟಿ, ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಟೈಟ್. "ಅಣ್ಣಾ, ಅಷ್ಟು ತಗ್ಗಿನಲ್ಲಿ ಸ್ಪಾನರ್ ತಿರುಗುವುದಿಲ್ಲ" ಅಂತ ಗ್ಯಾರೇಜಿನ ಹುಡುಗ ಹೇಳಿಯೇ ಹೇಳುತ್ತಾನೆ. ಹಾಗಾಗಿ ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಅಡಿಯಿಂದ ಕೆಲಸ ಮಾಡಲು ಪಿಟ್ (ಗುಂಡಿ) ಇರುವ ಗ್ಯಾರೇಜಿಗೇ ಹೋಗಿ.